ನಿಯಮಗಿರಿಯ ವ್ಯವಹಾರದಲ್ಲಿ ಪ್ರಮಾಣವಿಚಾರ

೧

ಧರ್ಮಶಾಸ್ತ್ರದಲ್ಲಿ ವ್ಯವಹಾರವೆಂಬ ಮಾತಿಗೆ ನ್ಯಾಯಸಭೆಯ ಮುಂದೆ ಬರುವ ವ್ಯಾಜ್ಯವೆಂದು ಅರ್ಥ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ಇಂಥ ವ್ಯಾಜ್ಯಗಳ ನಿರ್ಣಯಕ್ಕೆ ಬೇಕಾದ ಮಾನುಷ ಪ್ರಮಾಣಗಳನ್ನು ಮೂರಾಗಿ ವಿಂಗಡಿಸುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಲಿಖಿತವೆಂದರೆ ಪತ್ರಶಾಸನಗಳು; ಭುಕ್ತಿಯೆಂದರೆ ಬಹುಕಾಲದ ಅನುಭವ; ಸಾಕ್ಷಿಯೆಂದರೆ ಕಂಡವರ ಕೇಳಿದವರ ಮಾತು. ಹಕ್ಕನ್ನು ಹುಟ್ಟಿಸುವ ಆಗಮವು ಬರಿಯ ಭೋಗಕ್ಕಿಂತ ಬಲವತ್ತರವೆಂದು ಸ್ಮೃತಿಯು ವಿಧಿಸಿದರೂ, ಪೂರ್ವಿಕರಿಂದ ಕ್ರಮವಾಗಿ ನಡೆದುಬಂದ ಭೋಗಕ್ಕೆ ಆ ನಿಯಮದಿಂದ ವಿನಾಯಿತಿಯನ್ನು ಕೊಡುತ್ತದೆ. ಒಂದು ರಾಜ್ಯದ ನ್ಯಾಯಪದ್ಧತಿಯು ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡುವುದೆಂಬುದರ ಮೇಲೆ ಅಲ್ಲಿ ಒಡೆಯನಾರು, ಅತಿಕ್ರಮಿಯಾರು ಎಂಬುದು ನಿಂತಿರುತ್ತದೆ.

ನೆಲದೊಳಗಿನ ಸಂಪತ್ತಿಗಾಗಿ ಕಾಡುಬೆಟ್ಟಗಳ ಮೂಲನಿವಾಸಿಗಳಿಗೂ ಸರ್ಕಾರ ಹಾಗೂ ಉದ್ಯಮಗಳಿಗೂ ನಡುವೆ ಲೋಕದ ಹಲವೆಡೆ ನಡೆದಿರುವ ವಿವಾದಗಳನ್ನು ಅಭ್ಯಾಸಮಾಡುವ ಶಾಸ್ತ್ರಕ್ಕೆ ರಾಜಕೀಯ ಪರಿಸರಶಾಸ್ತ್ರವೆಂದು ಹೆಸರು. ಈ ವಿವಾದಗಳನ್ನು ಸಾಮಾನ್ಯವಾಗಿ ಲಾಭನಷ್ಟಗಳ ತೂಕವೆಂದು, ಇಲ್ಲವೆ ಅಭಿವೃದ್ಧಿಗೂ ಸಂರಕ್ಷಣೆಗೂ ನಡೆದ ಜಗಳವೆಂದು ತಿಳಿಯುವ ವಾಡಿಕೆಯುಂಟು. ಒಡಿಶಾದ ನಿಯಮಗಿರಿಯ ಪ್ರಸಂಗವನ್ನು ಪರಿಶೀಲಿಸಿದರೆ, ವಿವಾದದ ಬೇರು ಇದಕ್ಕಿಂತ ಆಳದಲ್ಲಿದೆಯೆಂದೂ, ಅದು ಮೂಲತಃ ಪ್ರಮಾಣದ ಪ್ರಶ್ನೆಯೆಂದೂ ಗೋಚರವಾಗುತ್ತದೆ. ಲಿಖಿತವೊಂದನ್ನೇ ನಂಬಿದ ಕಾನೂನಿನ ಮುಂದೆ ಭುಕ್ತಿಸಾಕ್ಷಿಗಳ ಹೊರತು ಬೇರೇನೂ ಇಲ್ಲದ ಜನರು ಹೇಗೆ ನಿಂತರು, ಅವರ ಮಾತು ಹೇಗೆ ಪ್ರಮಾಣವಾಯಿತು ಎಂಬುದೇ ಈ ಲೇಖನದ ವಿಷಯ.

೨

ಪೂರ್ವಘಟ್ಟಗಳಿಗೆ ಸೇರಿದ ನಿಯಮಗಿರಿ ಶ್ರೇಣಿಯು ಒಡಿಶಾದ ನೈಋತ್ಯದಲ್ಲಿ, ಕಾಳಹಂಡಿ ಮತ್ತು ರಾಯಗಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಇದರ ನೆತ್ತಿಯು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಈ ಪ್ರದೇಶದ ಮುಖ್ಯ ಶಿಲೆಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕೊಂಡಲೈಟು. ಭಾರತೀಯ ಭೂವಿಜ್ಞಾನ ಸಮೀಕ್ಷೆಗಾಗಿ ಕಾಳಹಂಡಿ ಸಂಸ್ಥಾನವನ್ನು ಪರಿಶೀಲಿಸಿದ ಟಿ. ಎಲ್. ವಾಕರ್ ೧೯೦೨ರಲ್ಲಿ, ಆ ಬೆಟ್ಟಗಳಲ್ಲಿ ವಾಸಿಸುವ ಕೊಂಧ ಜನರ ಹೆಸರನ್ನೇ ಈ ಶಿಲೆಗೆ ಕೊಟ್ಟನು. ಕಲ್ಲಿಗೆ ಜನರ ಹೆಸರು ಬಂದಿತು. ಆದರೆ ಆ ಕಲ್ಲಿನ ವಿಷಯದಲ್ಲಿ ಜನರಿಗೆ ಮಾತಿನ ಹಕ್ಕು ಬರಲು ಮತ್ತೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಯುಗಯುಗಗಳ ಮಳೆಬಿಸಿಲಿಗೆ ಸಿಕ್ಕಿದ ಈ ಶಿಲೆಯಿಂದ ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಅಲ್ಯೂಮಿನಿಯಂ ಲೋಹದ ಅಂಶವು ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಉಳಿದುಕೊಂಡಿತು. ಇದೇ ಬಾಕ್ಸೈಟ್ ಅದಿರು. ಎರಡು ಮೂರು ಟನ್ನು ಅದಿರಿನಿಂದ ಒಂದು ಟನ್ನು ಅಲ್ಯೂಮಿನವೂ, ಸುಮಾರು ಎರಡು ಟನ್ನು ಅಲ್ಯೂಮಿನದಿಂದ ಒಂದು ಟನ್ನು ಲೋಹವೂ ದೊರೆಯುತ್ತವೆ. ಅಲ್ಯೂಮಿನವನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕೆಂಪು ಕೆಸರು ಕ್ಷಾರಯುಕ್ತವಾದುದು. ಅದನ್ನು ದೊಡ್ಡ ಕೊಳಗಳಲ್ಲಿ ಕೂಡಿಡಬೇಕಾಗುತ್ತದೆ. ಲೋಹವನ್ನು ಪಡೆಯುವ ಕೊನೆಯ ಹಂತದಲ್ಲಿ ಟನ್ನಿಗೆ ಸುಮಾರು ೧೪,೦೦೦ ಯೂನಿಟ್ ವಿದ್ಯುತ್ತು ವೆಚ್ಚವಾಗುತ್ತದೆ. ಎಂದಮೇಲೆ ಬೆಟ್ಟದ ನೆತ್ತಿಯಿಂದ ಅದಿರನ್ನು ತೆಗೆಯುವುದೆಂದರೆ ಅದರ ಹಿಂದೆಯೇ ಕಾರ್ಖಾನೆ, ಕಲ್ಲಿದ್ದಲು, ನೀರು, ರೈಲುಮಾರ್ಗ ಇವೆಲ್ಲವೂ ಬರುತ್ತವೆಂದು ತಿಳಿಯಬೇಕು.

ಅದಿರಿನ ಈ ಟೊಪ್ಪಿಗೆಗೆ ಇನ್ನೊಂದು ಗುಣವಿದೆ. ಅದು ಸರಂಧ್ರವಾದ್ದರಿಂದ ಮಳೆಗಾಲದ ನೀರನ್ನು ಹೀರಿ ಹಿಡಿದಿಟ್ಟುಕೊಂಡು, ಬೇಸಗೆಯಲ್ಲಿ ಮೆಲ್ಲಮೆಲ್ಲನೆ ತೊರೆಗಳಿಗೆ ಬಿಡುತ್ತದೆಂದು ಗಣಿಯನ್ನು ವಿರೋಧಿಸಿದವರು ವಾದಿಸಿದರು. ವಂಶಧಾರಾ ನದಿಗೆ ಇಲ್ಲಿಯ ತೊರೆಗಳು ನೀರೂಡುತ್ತವೆ. ಇದಕ್ಕೆ ಪ್ರತಿಯಾಗಿ, ಗಣಿಗಾರಿಕೆಯಿಂದ ಬಂಡೆಯಲ್ಲಿ ಉಂಟಾಗುವ ಸೂಕ್ಷ್ಮ ಬಿರುಕುಗಳು ನೀರು ಇಂಗುವುದಕ್ಕೆ ಸಹಾಯಕವೇ ಆಗುವುವೆಂಬ ವಾದವೂ ಹೂಡಲ್ಪಟ್ಟಿತು. ಒಂದೇ ಕಲ್ಲು ಒಬ್ಬರ ಲೆಕ್ಕದಲ್ಲಿ ಅದಿರಾಗಿ, ಇನ್ನೊಬ್ಬರ ಲೆಕ್ಕದಲ್ಲಿ ನೀರಿನ ಕಣಜವಾಗಿ ತೋರಿತು. ಈ ಎರಡನೆಯ ಲೆಕ್ಕವನ್ನು ಇಟ್ಟವರು ಯಾರೆಂಬುದನ್ನು ಈಗ ನೋಡಬೇಕು.

೩

ಬೆಟ್ಟದ ಇಳಿಜಾರುಗಳಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕಟ್ಟಿಕೊಂಡಿರುವ ಡೊಂಗ್ರಿಯ ಕೊಂಧರ ಸಂಖ್ಯೆ ಸುಮಾರು ಎಂಟು ಸಾವಿರ. ಡೊಂಗರ್ ಎಂದರೆ ಒಡಿಯಾ ಭಾಷೆಯಲ್ಲಿ ಬೆಟ್ಟ. ಕೊಂಧವೆಂಬುದು ಅದೇ ಅರ್ಥದ ತೆಲುಗಿನ ‘ಕೊಂಡ’ ಶಬ್ದದಿಂದ ಬಂದಿತೆಂದು ಅನೇಕರ ಅಭಿಪ್ರಾಯ. ಎರಡು ಭಾಷೆಗಳ ನೆರೆಯವರೂ ಇವರನ್ನು ಬೆಟ್ಟದಿಂದಲೇ ಗುರುತಿಸಿದರೆಂದಾಯಿತು. ಇವರ ಭಾಷೆಯಾದ ಕುವಿ, ದ್ರಾವಿಡ ವರ್ಗದ ದಕ್ಷಿಣ-ಮಧ್ಯ ಶಾಖೆಗೆ ಸೇರಿದುದು. ಕೊಂಧರ ಭಾಷೆಯು ದ್ರಾವಿಡವೆಂಬುದನ್ನು ಕಾಲ್ಡ್‌ವೆಲ್ ೧೮೫೬ರ ತನ್ನ ತೌಲನಿಕ ವ್ಯಾಕರಣದಲ್ಲಿಯೇ ಗುರುತಿಸಿದ್ದನು. ೧೯೧೧ರಲ್ಲಿ ಷುಲ್ಟ್ಸೆ ಕುವಿ ಭಾಷೆಗೆ ಒಂದು ವ್ಯಾಕರಣವನ್ನು ಬರೆದನು. ಮನೆಗೆ ಕುವಿಯಲ್ಲಿ ‘ಇಲ್ಲು’ ಎನ್ನುತ್ತಾರೆ. ಹಳಗನ್ನಡದ ‘ಇಲ್’ ಶಬ್ದವನ್ನು ಬಲ್ಲವರಿಗೆ ಇದರ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಭಾಷೆಯಲ್ಲಿ, ಕೇಳುವವನನ್ನು ಸೇರಿಸಿಕೊಂಡು ಹೇಳುವ ‘ನಾವು’ ಬೇರೆ, ಅವನನ್ನು ಬಿಟ್ಟು ಹೇಳುವ ‘ನಾವು’ ಬೇರೆ. ತಮಿಳು ತೆಲುಗುಗಳಲ್ಲಿಯೂ ಈ ಭೇದವಿದೆ. ಕನ್ನಡವು ಇದನ್ನು ಕಳೆದುಕೊಂಡಿದೆ. ನಾಡಿನ ಖನಿಜವು ‘ನಮ್ಮ’ ಸಂಪತ್ತು ಎಂದು ಕನ್ನಡದಲ್ಲಿ ಹೇಳಿದಾಗ ಯಾರು ಒಳಗಾದರು, ಯಾರು ಹೊರಗಾದರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಕುವಿಯಲ್ಲಾದರೋ ಅದನ್ನು ತೀರ್ಮಾನಿಸದೆ ಆ ವಾಕ್ಯವನ್ನು ನುಡಿಯಲಿಕ್ಕೇ ಆಗದು. ವ್ಯಾಕರಣದ ಭೇದದಿಂದ ಜನರ ತತ್ತ್ವವನ್ನು ಊಹಿಸುವುದು ಸಾಹಸವೇ ಸರಿ. ಆದರೂ ಮುಂದೆ ಬರುವ ವಾದವನ್ನು ತಿಳಿಯಲು ಈ ದೃಷ್ಟಾಂತವು ಉಪಯುಕ್ತವಾಗಿದೆ.

ಡೊಂಗ್ರಿಯರ ಬೇಸಾಯವು ಕನ್ನಡ ಜಿಲ್ಲೆಗಳಲ್ಲಿ ಕುಮರಿಯೆಂದು ಹೆಸರಾದ ಬೆಟ್ಟದ ಬೇಸಾಯದ ಜಾತಿಗೆ ಸೇರಿದುದು. ರಾಗಿ ಮೊದಲಾದ ಕಿರುಧಾನ್ಯಗಳನ್ನೂ ಬೇಳೆಕಾಳುಗಳನ್ನೂ ಒಂದೇ ಇಳಿಜಾರಿನಲ್ಲಿ ಬೆರಸಿ ಬಿತ್ತುತ್ತಾರೆ. ಅನಾನಸು, ಬಾಳೆ, ಹಲಸು, ಅರಿಸಿನ, ಶುಂಠಿಗಳನ್ನು ಬೆಳೆದು ಕೆಳಗಿನ ಸಂತೆಗಳಿಗೆ ಒಯ್ಯುತ್ತಾರೆ. ಹೆಂಗಸರು ಕಸೂತಿ ಹಾಕುವ ಕಪ್ಡಾಗಂಡಾ ಎಂಬ ಹೊದಿಕೆಯು ಪ್ರಸಿದ್ಧವಾಗಿದ್ದು, ೨೦೨೪ರಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು. ಬೆಟ್ಟದ ಅಧಿದೈವ ನಿಯಮರಾಜ. ತೊರೆ, ಕಾಡು, ಬೆಳೆಗಳ ಕಟ್ಟಳೆಗಳನ್ನು ವಿಧಿಸಿದವನು ಅವನೆಂದು ನಂಬಿಕೆ. ನೆತ್ತಿಯ ಮರಗಳನ್ನು ಕಡಿಯಬಾರದೆಂಬುದು ಆ ಕಟ್ಟಳೆಗಳಲ್ಲಿ ಒಂದು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಬಿತ್ತಿದ ಇಳಿಜಾರೂ ಕಡಿಯದೆ ಬಿಟ್ಟ ನೆತ್ತಿಯೂ ಎರಡೂ ಅವರ ಭುಕ್ತಿಯೇ. ಆದರೆ ಕಡಿಯದೆ ಬಿಟ್ಟುದನ್ನು ಭುಕ್ತಿಯೆಂದು ಕಾಣುವ ಕಣ್ಣು ಕಂದಾಯದ ಕಡತಗಳಿಗೆ ಇರಲಿಲ್ಲ.

೪

ನೆಲದ ಮೇಲಣ ಹಕ್ಕಿಗೂ ಒಳಗಣ ಹಕ್ಕಿಗೂ ಇರುವ ಸಂಬಂಧವು ಶಾಸನಗಳನ್ನು ಓದುವವರಿಗೆ ಹೊಸದಲ್ಲ. ವಿಜಯನಗರದ ಕಾಲದ ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಎಣಿಸಿ, ತೇಜಸ್ವಾಮ್ಯ ಸಹಿತವಾಗಿ ಭೂಮಿಯನ್ನು ಕೊಡುವುದು ರೂಢಿ. ನೀರು, ಕಲ್ಲು, ಹೂತಿಟ್ಟ ಧನ, ಮುಂದೆ ಬರಬಹುದಾದ ಆದಾಯ ಎಲ್ಲವೂ ಭೂಮಿಯೊಡನೆ ಒಟ್ಟಾಗಿ ಹೋಗುತ್ತಿದ್ದುವು. ಇದನ್ನು ಕಂಡು ಪ್ರಾಚೀನ ವ್ಯವಸ್ಥೆಯು ಕಾಡಿನ ಜನರಿಗೆ ಅನುಕೂಲವಾಗಿತ್ತೆಂದು ಭಾವಿಸುವುದು ಸಲ್ಲದು. ಆ ದಾನಗಳು ನಡೆದುದು ದೇವಾಲಯಗಳಿಗೂ ಬ್ರಾಹ್ಮಣರಿಗೂ. ಬೆಟ್ಟಗುಡ್ಡಗಳ ನಿವಾಸಿಗಳು ದಾನಿಗಳ ಪಟ್ಟಿಯಲ್ಲಿಯೂ ಪ್ರತಿಗ್ರಾಹಿಗಳ ಪಟ್ಟಿಯಲ್ಲಿಯೂ ಕಾಣುವುದು ಅಪೂರ್ವ. ಲಿಖಿತವು ಅಂದಿಗೂ ಅಕ್ಷರವಂತರ ಕೈಯಲ್ಲಿಯೇ ಇದ್ದಿತು.

ಆಂಗ್ಲರ ಆಳ್ವಿಕೆಯಲ್ಲಿ ಈ ಒಟ್ಟು ಹಕ್ಕು ಹೋಳುಹೋಳಾಯಿತು. ೧೮೬೫, ೧೮೭೮ ಮತ್ತು ೧೯೨೭ರ ಅರಣ್ಯಕಾಯಿದೆಗಳು ಪತ್ರವಿಲ್ಲದ ಕಾಡನ್ನು ಸರ್ಕಾರದ ಸ್ವತ್ತೆಂದು ಘೋಷಿಸಲು ದಾರಿಮಾಡಿದುವು. ನಿಯಮಗಿರಿಯ ಒಂದು ಮಗ್ಗುಲು ಕಾಳಹಂಡಿ ಸಂಸ್ಥಾನದಲ್ಲಿಯೂ ಇನ್ನೊಂದು ಮಗ್ಗುಲು ಜಯಪುರದ ಜಮೀನ್ದಾರಿಯಲ್ಲಿಯೂ ಇದ್ದುವು. ಜಯಪುರವು ೧೯೩೬ರಲ್ಲಿ ಒರಿಸ್ಸಾ ಪ್ರಾಂತವು ಏರ್ಪಡುವವರೆಗೆ ಮದರಾಸು ಆಧಿಪತ್ಯಕ್ಕೆ ಒಳಪಟ್ಟಿತ್ತು. ಸ್ವಾತಂತ್ರ್ಯದ ತರುವಾಯ ಸಂವಿಧಾನದ ಐದನೆಯ ಅನುಸೂಚಿಯು ಇಂಥ ಪ್ರದೇಶಗಳಿಗೆ ವಿಶೇಷ ರಕ್ಷಣೆಯನ್ನು ಕೊಟ್ಟಿತಾದರೂ, ಗಣಿಗಳ ವಿಷಯವನ್ನು ೧೯೫೭ರ ಖನಿಜಕಾಯಿದೆಯು ತನ್ನದೇ ಮಾರ್ಗದಲ್ಲಿ ನಡೆಸಿತು. ಹೀಗೆ ಒಂದೇ ಬೆಟ್ಟದ ಮರವು ಅರಣ್ಯ ಇಲಾಖೆಗೆ, ಅದಿರು ಗಣಿ ಇಲಾಖೆಗೆ, ಬೆಳೆದ ನೆಲ ಕಂದಾಯ ಇಲಾಖೆಗೆ ಸೇರಿತು. ಬೆಟ್ಟವನ್ನು ಇಡಿಯಾಗಿ ಬಲ್ಲವರಿಗೆ ಅದರ ಯಾವ ಹೋಳೂ ಸೇರಲಿಲ್ಲ.

ಈ ಅನ್ಯಾಯವನ್ನು ತಿದ್ದಲು ಎರಡು ಕಾಯಿದೆಗಳು ಬಂದುವು. ಅನುಸೂಚಿತ ಪ್ರದೇಶಗಳಿಗೆ ಪಂಚಾಯತಿ ವ್ಯವಸ್ಥೆಯನ್ನು ವಿಸ್ತರಿಸಿದ ೧೯೯೬ರ ಕಾಯಿದೆಯು, ಜನರ ಸಂಪ್ರದಾಯವನ್ನೂ ಸಾಮುದಾಯಿಕ ಸಂಪತ್ತನ್ನೂ ಕಾಪಾಡಲು ಗ್ರಾಮಸಭೆಯೇ ಸಮರ್ಥವೆಂದು ಒಪ್ಪಿತು. ೨೦೦೬ರ ಅರಣ್ಯಹಕ್ಕು ಕಾಯಿದೆಯು ಅರಣ್ಯವಾಸಿಗಳಿಗೆ ಆದ ಚಾರಿತ್ರಿಕ ಅನ್ಯಾಯವನ್ನು ತನ್ನ ಪೀಠಿಕೆಯಲ್ಲಿಯೇ ಹೇಳಿಕೊಂಡಿತು. ಅದರ ೨೦೦೮ರ ನಿಯಮಾವಳಿಯು ಹಕ್ಕಿನ ಸಾಧನೆಗೆ ಯಾವ ಯಾವ ಪ್ರಮಾಣಗಳು ಸಲ್ಲುವುವೆಂದು ಪಟ್ಟಿಮಾಡುವಾಗ, ಸರ್ಕಾರಿ ದಾಖಲೆಗಳ ಜೊತೆಗೆ ಹಳೆಯ ಬಾವಿ, ಸಮಾಧಿಸ್ಥಳ, ಪವಿತ್ರಸ್ಥಾನಗಳನ್ನೂ, ಹಕ್ಕುದಾರರಲ್ಲದ ಊರಹಿರಿಯರ ಹೇಳಿಕೆಯನ್ನು ಬರೆದುಕೊಂಡುದನ್ನೂ ಸೇರಿಸಿತು. ಮಿತಾಕ್ಷರೆಯ ಮಾತಿನಲ್ಲಿ ಹೇಳುವುದಾದರೆ, ಭುಕ್ತಿಯೂ ಸಾಕ್ಷಿಯೂ ಲಿಖಿತದ ಪಕ್ಕದಲ್ಲಿ ಮತ್ತೆ ಬಂದು ಕುಳಿತುವು. ನಿಯಮಗಿರಿಯ ವ್ಯಾಜ್ಯದ ಗತಿಯನ್ನು ತಿರುಗಿಸಿದುದು ಈ ಬದಲಾವಣೆಯೇ.

೫

ಲಂಜಿಗಡದಲ್ಲಿ, ಬೆಟ್ಟದ ಬುಡದಲ್ಲಿಯೇ, ವರ್ಷಕ್ಕೆ ಹತ್ತು ಲಕ್ಷ ಟನ್ನು ಅಲ್ಯೂಮಿನವನ್ನು ತಯಾರಿಸುವ ಕಾರ್ಖಾನೆಗೆ ೨೦೦೪ರಲ್ಲಿ ಪರಿಸರದ ಅನುಮತಿ ದೊರೆಯಿತು. ಕಾರ್ಖಾನೆಯು ವೇದಾಂತ ಸಮೂಹದ್ದು. ಅದಕ್ಕೆ ಅದಿರನ್ನು ಒದಗಿಸಬೇಕಾದ ಗಣಿಯು ರಾಜ್ಯದ ಒಡಿಶಾ ಗಣಿ ನಿಗಮದ ಹೆಸರಿನಲ್ಲಿದ್ದಿತು. ಗಣಿಗೆ ಕೇಳಿದ ಅರಣ್ಯಭೂಮಿ ೬೬೦ ಹೆಕ್ಟೇರುಗಳಿಗೆ ಮೇಲ್ಪಟ್ಟುದು. ಕಾರ್ಖಾನೆಯನ್ನು ಮೊದಲು ಕಟ್ಟಿ, ಗಣಿಯ ಅನುಮತಿಯನ್ನು ಆಮೇಲೆ ಕೇಳಿದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯದ ಕೇಂದ್ರ ಅಧಿಕಾರಯುಕ್ತ ಸಮಿತಿಯು ೨೦೦೫ರಲ್ಲಿ ಆಕ್ಷೇಪಿಸಿತು. ಆದಾಗ್ಯೂ ನ್ಯಾಯಾಲಯವು ೨೦೦೭ರ ನವೆಂಬರಿನಲ್ಲಿ ಷರತ್ತುಗಳನ್ನು ಸೂಚಿಸಿ, ೨೦೦೮ರ ಆಗಸ್ಟಿನಲ್ಲಿ ಭೂಮಿಯ ಪರಿವರ್ತನೆಗೆ ಒಪ್ಪಿಗೆಯನ್ನಿತ್ತಿತು. ಆ ಷರತ್ತುಗಳು ಮುಖ್ಯವಾಗಿ ಹಣದ ರೂಪದವು: ಗಣಿಯ ಲಾಭದಲ್ಲಿ ಒಂದು ಪಾಲನ್ನು ಪ್ರದೇಶದ ಅಭಿವೃದ್ಧಿಗಾಗಿ ಕೊಡತಕ್ಕದ್ದು ಎಂಬುದು ಅವುಗಳ ಸಾರ.

ರಾಜ್ಯಸರ್ಕಾರದ ಪಕ್ಷವನ್ನು ಉಪೇಕ್ಷಿಸಲಾಗದು. ಕಾಳಹಂಡಿಯು ಕ್ಷಾಮಕ್ಕೂ ಬಡತನಕ್ಕೂ ದೇಶದಲ್ಲೆಲ್ಲ ಹೆಸರಾದ ಜಿಲ್ಲೆ. ಅಲ್ಲಿಗೆ ರಸ್ತೆ, ಆಸ್ಪತ್ರೆ, ಉದ್ಯೋಗಗಳು ಬರಬೇಕೆಂಬ ಆಸೆ ಅಸಹಜವಲ್ಲ. ಲೋಹವು ಎಲ್ಲರಿಗೂ ಬೇಕು. ವಿದ್ಯುತ್ತಿನ ತಂತಿಯಿಂದ ಅಡಿಗೆಯ ಪಾತ್ರೆಯವರೆಗೆ ಅದರ ಉಪಯೋಗವಿದೆ. ಆದರೆ ಈ ವಾದದಲ್ಲಿ ಒಂದು ಪೂರ್ವಪ್ರತಿಜ್ಞೆ ಅಡಗಿದೆ: ಹಾನಿಯಾದವರಿಗೆ ಹಾನಿಯ ಬೆಲೆಯನ್ನು ಕಟ್ಟಿಕೊಟ್ಟರೆ ನ್ಯಾಯವು ಪೂರೈಸಿತು ಎಂಬುದು. ಬೆಲೆಯನ್ನು ಕಟ್ಟತಕ್ಕವರು ಯಾರು, ಬೆಲೆ ಕಟ್ಟಲಾಗದ ವಸ್ತುವೂ ಇರಬಹುದೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. ಸ್ಪೇನಿನ ಅರ್ಥಶಾಸ್ತ್ರಜ್ಞ ಜೋನ್ ಮಾರ್ಟಿನೆಜ್ ಅಲಿಯರ್ ೨೦೦೨ರಲ್ಲಿ ಪ್ರಕಟಿಸಿದ ಬಡವರ ಪರಿಸರವಾದವನ್ನು ಕುರಿತ ಗ್ರಂಥದಲ್ಲಿ ಪ್ರತಿಪಾದಿಸಿದುದು ಇದನ್ನೇ. ಇಂಥ ವಿವಾದಗಳಲ್ಲಿ ಎದುರುಬದುರಾಗುವುವು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ, ಎರಡು ಬೇರೆ ಬೇರೆ ತಕ್ಕಡಿಗಳು. ಯಾವ ತಕ್ಕಡಿಯಲ್ಲಿ ತೂಗಬೇಕೆಂದು ಗೊತ್ತುಮಾಡುವ ಅಧಿಕಾರವೇ ನಿಜವಾದ ಅಧಿಕಾರ.

೨೦೧೦ರಲ್ಲಿ ಕೇಂದ್ರ ಸರ್ಕಾರವು ಎನ್. ಸಿ. ಸಕ್ಸೇನರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಕಳುಹಿಸಿತು. ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ಅದರ ಸದಸ್ಯರಲ್ಲಿ ಒಬ್ಬರು. ಅರಣ್ಯಹಕ್ಕು ಕಾಯಿದೆಯ ಕ್ರಮವನ್ನು ಪಾಲಿಸದೆ, ಗ್ರಾಮಸಭೆಗಳ ಒಪ್ಪಿಗೆಯನ್ನು ಪಡೆಯದೆ ಅರಣ್ಯವನ್ನು ಗಣಿಗೆ ಕೊಡಲಾಗದೆಂದು ಸಮಿತಿಯು ವರದಿಮಾಡಿತು. ಆ ವರ್ಷದ ಆಗಸ್ಟ್ ೨೪ರಂದು ಸಚಿವ ಜೈರಾಮ್ ರಮೇಶರು ಅನುಮತಿಯನ್ನು ನಿರಾಕರಿಸಿದರು. ಗಣಿ ನಿಗಮವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು.

೬

೨೦೧೩ರ ಏಪ್ರಿಲ್ ೧೮ರಂದು ಹೊರಟ ತೀರ್ಪನ್ನು ಎಚ್ಚರಿಕೆಯಿಂದ ಓದಬೇಕು; ಅದರಲ್ಲಿ ಹೇಳಿದಷ್ಟೇ ಹೇಳದುದೂ ಮುಖ್ಯವಾಗಿದೆ. ಖನಿಜದ ಒಡೆತನವನ್ನು ನ್ಯಾಯಾಲಯವು ಡೊಂಗ್ರಿಯರಿಗೆ ಕೊಡಲಿಲ್ಲ. ಪ್ರಕೃತಿಸಂಪತ್ತನ್ನು ರಾಜ್ಯವು ಜನರ ಪರವಾಗಿ ನ್ಯಾಸಧಾರಿಯಾಗಿ ಹಿಡಿದಿದೆಯೆಂಬ ತತ್ತ್ವವನ್ನೇ ಅದು ಎತ್ತಿಹಿಡಿಯಿತು. ಆದರೆ ಅದಿರನ್ನು ಮುಟ್ಟಬೇಕಾದರೆ ಬೆಟ್ಟವನ್ನು ಮುಟ್ಟಬೇಕು. ಬೆಟ್ಟದ ಮೇಲೆ ಜನರಿಗೆ ಆರಾಧನೆಯ ಮತ್ತು ಸಂಪ್ರದಾಯದ ಹಕ್ಕುಗಳಿವೆ. ಗಣಿಯಿಂದ ನಿಯಮರಾಜನ ಆರಾಧನೆಗೆ ಭಂಗವುಂಟಾಗುವುದೇ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸತಕ್ಕದ್ದು ಎಂದು ಅದು ವಿಧಿಸಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯೊಬ್ಬರು ವೀಕ್ಷಕರಾಗಿ ಸಭೆಗಳಲ್ಲಿ ಹಾಜರಿರತಕ್ಕದ್ದೆಂದೂ ಗೊತ್ತುಮಾಡಿತು.

ರಾಜ್ಯಸರ್ಕಾರವು ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹನ್ನೆರಡನ್ನು ಮಾತ್ರ ಆರಿಸಿತು: ರಾಯಗಡದಲ್ಲಿ ಏಳು, ಕಾಳಹಂಡಿಯಲ್ಲಿ ಐದು. ಎಲ್ಲ ಹಳ್ಳಿಗಳನ್ನೂ ಕೇಳಬೇಕಾಗಿತ್ತೆಂಬ ಆಕ್ಷೇಪವು ಎದ್ದಿತು. ಜುಲೈ ೧೮ರಂದು ಸೆರ್ಕಪಾಡಿಯಲ್ಲಿ ಮೊದಲನೆಯ ಸಭೆಯೂ, ಆಗಸ್ಟ್ ೧೯ರಂದು ಜರಪಾದಲ್ಲಿ ಕೊನೆಯ ಸಭೆಯೂ ನಡೆದುವು. ಹನ್ನೆರಡೂ ಸಭೆಗಳು ಗಣಿಯನ್ನು ಒಂದೇ ಮಾತಿನಿಂದ ನಿರಾಕರಿಸಿದುವು. ದೇವತಾಸ್ಥಾನವನ್ನು ಒಂದು ಗೊತ್ತಾದ ಜಾಗಕ್ಕೆ ಸೀಮಿತಗೊಳಿಸಿ, ಉಳಿದುದನ್ನು ಗಣಿಗೆ ಬಿಡಬಹುದೆಂಬ ಎಣಿಕೆಗೆ ಹಳ್ಳಿಗರು ಒಪ್ಪಲಿಲ್ಲ. ನಿಯಮರಾಜನು ಒಂದು ಗುಡಿಯಲ್ಲಿರುವವನಲ್ಲ, ಬೆಟ್ಟಸಾಲೆಲ್ಲವೂ ಅವನದೇ ಎಂಬುದು ಅವರ ಸಾಕ್ಷ್ಯದ ತಿರುಳು. ೨೦೧೪ರ ಜನವರಿಯಲ್ಲಿ ಕೇಂದ್ರವು ಯೋಜನೆಯನ್ನು ಕೊನೆಯದಾಗಿ ತಿರಸ್ಕರಿಸಿತು. ಸಭೆಗಳನ್ನು ಮತ್ತೆ ಕರೆಯಬೇಕೆಂಬ ಗಣಿ ನಿಗಮದ ಕೋರಿಕೆಯನ್ನು ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪುರಸ್ಕರಿಸಲಿಲ್ಲ.

ಇಲ್ಲಿ ನಡೆದುದೇನೆಂದರೆ, ಬರಹವಿಲ್ಲದ ಜನರ ಸಾಕ್ಷಿಯು ನ್ಯಾಯಾಧೀಶರ ಸಮ್ಮುಖದಲ್ಲಿ ಲಿಖಿತವಾಯಿತು. ಸಾಕ್ಷಿಯು ಲಿಖಿತವಾದ ಮೇಲೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ.

೭

ಈ ಪ್ರಸಂಗದಲ್ಲಿ ವಿದ್ವಾಂಸರ ಪಾತ್ರವೇನೆಂಬುದು ವಿಚಾರಯೋಗ್ಯವಾಗಿದೆ. ಪಾಂಡಿತ್ಯವು ಎರಡು ಪಕ್ಷಕ್ಕೂ ಕೆಲಸಮಾಡಿತೆಂಬುದನ್ನು ಮರೆಯಬಾರದು. ಬೆಟ್ಟದ ಕಲ್ಲನ್ನು ವರ್ಣಿಸಿದ ೧೯೦೨ರ ವರದಿಯೂ ಪಾಂಡಿತ್ಯವೇ, ಬಿರುಕುಗಳಿಂದ ನೀರು ಹೆಚ್ಚಾಗುವುದೆಂದ ವಾದವೂ ಪಾಂಡಿತ್ಯದ ಹೆಸರಿನಲ್ಲಿಯೇ ಬಂದಿತು. ಇದಕ್ಕೆ ಎದುರಾಗಿ ಫೆಲಿಕ್ಸ್ ಪಾಡೆಲ್ ಮತ್ತು ಸಮರೇಂದ್ರ ದಾಸರು ೨೦೧೦ರಲ್ಲಿ ಪ್ರಕಟಿಸಿದ ಗ್ರಂಥವು, ಪೂರ್ವಭಾರತದ ಆದಿವಾಸಿಗಳ ಬಾಳಿಗೂ ಅಲ್ಯೂಮಿನಿಯಂ ಉದ್ಯಮದ ಜಾಗತಿಕ ಜಾಲಕ್ಕೂ ಇರುವ ಸಂಬಂಧವನ್ನು ಬಿಡಿಸಿ ತೋರಿಸಿತು. ನಾರ್ವೆ ದೇಶದ ಪಿಂಚಣಿ ನಿಧಿಯು ೨೦೦೭ರಲ್ಲಿ ವೇದಾಂತ ಸಂಸ್ಥೆಯಲ್ಲಿ ಹಣಹೂಡುವುದನ್ನು ನಿಲ್ಲಿಸಿದಾಗಲೂ ಅದಕ್ಕೆ ಆಧಾರವಾದುದು ಅದರ ನೀತಿಮಂಡಲಿಯ ವಿಚಾರಣೆ.

ಆದರೂ ವಿದ್ವಾಂಸರು ವ್ಯಾಜ್ಯವನ್ನು ಗೆದ್ದುಕೊಟ್ಟರೆಂಬುದು ಸರಿಯಾದ ಮಾತಲ್ಲ. ಅವರ ಗ್ರಂಥಗಳೂ ವರದಿಗಳೂ ಮಾಡಿದುದು ಇಷ್ಟೆ: ಹಳ್ಳಿಗರ ಮಾತನ್ನು ಕೇಳದೆ ತೀರ್ಮಾನಿಸುವುದು ಅಕ್ರಮವೆಂದು ತೋರಿಸಿದುವು. ಮಾತನ್ನಾಡಿದವರು ಹಳ್ಳಿಗರೇ. ಸಮಾಜದೊಡನೆ ಬೆರೆಯುವ ಪಾಂಡಿತ್ಯಕ್ಕೆ ಇದೊಂದು ಮೇಲ್ಪಂಕ್ತಿ. ಪಂಡಿತನು ಇನ್ನೊಬ್ಬರ ಬಾಯಾಗುವುದಕ್ಕಿಂತ, ಅವರ ಮಾತು ಪ್ರಮಾಣವಾಗಿ ನಿಲ್ಲುವ ಸಭೆಯನ್ನು ಏರ್ಪಡಿಸಲು ನೆರವಾಗುವುದು ಮೇಲು. ಜನಪದ ಸಾಹಿತ್ಯವನ್ನು ಸಂಗ್ರಹಿಸುವವರೂ ಬೋಧಿಸುವವರೂ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕಾಗಿದೆ. ಬೆಟ್ಟದ ಕಥೆಯೊಂದನ್ನು ಬರೆದಿಟ್ಟುಕೊಂಡವರ ಕೈಯಲ್ಲಿರುವುದು ಬರಿಯ ಕಾವ್ಯಸಾಮಗ್ರಿಯಲ್ಲ. ನಾಳೆ ಅದು ಒಂದು ಊರಿನ ಭುಕ್ತಿಗೆ ಸಾಕ್ಷಿಯಾಗಬಹುದು. ಯಾರು ಹೇಳಿದರು, ಯಾವ ಊರಿನಲ್ಲಿ, ಯಾವ ಜಾಗವನ್ನು ಕುರಿತು ಎಂಬುದನ್ನು ಬಿಟ್ಟು ಬರೆದ ಸಂಗ್ರಹವು ರಸಿಕರಿಗೆ ಸಾಕಾಗಬಹುದು, ಹೇಳಿದವರಿಗೆ ಸಾಲದು.

೮

ಕನ್ನಡ ನಾಡಿನ ಎರಡು ಪ್ರಸಂಗಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಭದ್ರಾನದಿಯ ಮೇಲುಜಾಡಿನ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ಆದೇಶವಿತ್ತು, ೨೦೦೫ರ ಡಿಸೆಂಬರ್ ಕೊನೆಗೆ ಗಣಿಯು ನಿಂತಿತು. ಅಲ್ಲಿ ಕಾಡು ಉಳಿಯಿತು. ಆದರೆ ಕಾಡಿನ ಜನರನ್ನು ಕೇಳಿ ನಡೆದ ತೀರ್ಮಾನವಲ್ಲ ಅದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ ಹಾಗಲ್ಲ. ೨೦೦೬ರ ಅದೇ ಕಾಯಿದೆಯ ಮೇರೆಗೆ ೨೦೧೧ರಲ್ಲಿ ಅವರ ಗ್ರಾಮಸಭೆಗಳಿಗೆ ಅರಣ್ಯದ ಸಾಮುದಾಯಿಕ ಹಕ್ಕುಗಳು ದೊರೆತುವು. ಅದೇ ವರ್ಷ ಹುಲಿಗಳ ರಕ್ಷಿತಧಾಮವೆಂದು ಘೋಷಿತವಾದ ಬೆಟ್ಟದಲ್ಲಿಯೇ ಆ ಹಕ್ಕು ಸಿದ್ಧಿಸಿತೆಂಬುದು ಗಮನಾರ್ಹ. ಕಾಡನ್ನು ಜನರಿಂದ ಕಾಪಾಡುವುದು ಒಂದು ನೀತಿ, ಜನರ ಮೂಲಕ ಕಾಪಾಡುವುದು ಇನ್ನೊಂದು; ನಿಯಮಗಿರಿಯೂ ಬಿಳಿಗಿರಿಯೂ ಎರಡನೆಯ ನೀತಿಗೆ ಉದಾಹರಣೆಗಳು.

ನಿಯಮಗಿರಿಯ ನಿರ್ಣಯದಿಂದ ಪ್ರಶ್ನೆಯು ಮುಗಿದುಹೋಯಿತೆಂದು ತಿಳಿಯಲಾಗದು. ಲಂಜಿಗಡದ ಕಾರ್ಖಾನೆಯು ಬೇರೆಡೆಯ ಅದಿರಿನಿಂದ ನಡೆಯುತ್ತ ಬಂದಿದೆ. ೨೦೨೨ರ ಅರಣ್ಯ ನಿಯಮಾವಳಿಯು, ಹಕ್ಕುಗಳ ಇತ್ಯರ್ಥವನ್ನು ಕಾಯದೆ ಕೇಂದ್ರವು ಒಪ್ಪಿಗೆಯನ್ನು ಕೊಡಲು ಅವಕಾಶಮಾಡಿ, ಇತ್ಯರ್ಥದ ಹೊಣೆಯನ್ನು ರಾಜ್ಯಗಳಿಗೆ ಬಿಟ್ಟಿತು. ಅದೇ ಎರಡು ಜಿಲ್ಲೆಗಳಲ್ಲಿ ಹಬ್ಬಿರುವ ಸಿಜಿಮಾಲಿ ಬೆಟ್ಟದ ಬಾಕ್ಸೈಟ್ ೨೦೨೩ರಲ್ಲಿ ವೇದಾಂತ ಸಂಸ್ಥೆಯ ಪಾಲಿಗೆ ಬಂದಾಗ, ಗ್ರಾಮಸಭೆಗಳು ಒಪ್ಪಿದುವೆಂದು ತೋರಿಸುವ ಠರಾವುಗಳು ಕೃತಕವಾದುವೆಂದು ಹಳ್ಳಿಗರು ಆಕ್ಷೇಪಿಸಿದರು. ಶಾಸನಪರಿಶೋಧಕರಿಗೆ ಕೂಟಶಾಸನಗಳ ಪರಿಚಯ ಚೆನ್ನಾಗಿದೆ: ಯಾವ ಕಾಲದಲ್ಲಿ ತಾಮ್ರಪಟವು ಬಲವಾದ ಪ್ರಮಾಣವಾಯಿತೋ ಆ ಕಾಲದಲ್ಲಿಯೇ ಸುಳ್ಳು ತಾಮ್ರಪಟಗಳೂ ಹುಟ್ಟಿದುವು. ಗ್ರಾಮಸಭೆಯ ಮಾತಿಗೆ ಬೆಲೆ ಬಂದ ಮೇಲೆ ಆ ಮಾತಿನ ಸಾಚಾತನವನ್ನು ಕುರಿತೇ ವಿವಾದ ಹುಟ್ಟಿದುದು ಆಶ್ಚರ್ಯವಲ್ಲ. ಸಾಕ್ಷಿಯನ್ನು ಲಿಖಿತಕ್ಕೆ ಏರಿಸುವುದರಿಂದಲೇ ನ್ಯಾಯವು ಸಿದ್ಧಿಸುವುದಿಲ್ಲ. ಬರೆದುಕೊಂಡುದನ್ನು ಹೇಳಿದವರ ಮುಂದೆ, ಅವರ ನುಡಿಯಲ್ಲಿ, ಮತ್ತೆ ಓದಿ ಒಪ್ಪಿಸುವ ಕ್ರಮವೂ ಬೇಕು. ನಿಯಮಗಿರಿಯಲ್ಲಿ ಸಭೆಯು ಬಯಲಿನಲ್ಲಿ, ಎಲ್ಲರ ಕಣ್ಣೆದುರಿನಲ್ಲಿ, ನ್ಯಾಯಾಧೀಶರ ಸಮ್ಮುಖದಲ್ಲಿ ನಡೆಯಿತೆಂಬುದು ಆ ತೀರ್ಮಾನಕ್ಕೆ ಬಲವನ್ನು ಕೊಟ್ಟಿ­ತು. ಆ ಕ್ರಮವು ಉಳಿದ ಬೆಟ್ಟಗಳಿಗೂ ಸಲ್ಲುವವರೆಗೆ ಈ ವ್ಯವಹಾರವು ಒಂದು ಬೆಟ್ಟದ ಮಟ್ಟಿಗೆ ಮಾತ್ರ ಇತ್ಯರ್ಥವಾದಂತೆ ಎಣಿಸಬೇಕು.